ಅರಳಿಯ ನೀರಡಿಕೆ

ಬೈಲಹೊಂಗಲದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಮಂದಿಯ ಮೂತ್ರದಲ್ಲಿ ಸಕ್ಕರೆ ಇದೆಯೋ ಇಲ್ಲವೋ ನೋಡುವುದೇ ನನ್ನ ದಿನದ ಅರ್ಧ ಕೆಲಸ. ಬೆಂಚಿನ ಮೇಲೆ ಕಾಯುತ್ತ ಕುಳಿತವರು ಮೂರನೇ ಸಲ ನೀರು ಕೇಳಿದರೆ ಸಾಕು, ಪರೀಕ್ಷೆಗೆ ಮೊದಲೇ ನನಗೆ ಅಂದಾಜಾಗುತ್ತಿತ್ತು. ಅಂಥ ನನಗೆ, ದಿನಾ ನನ್ನ ಕಾಲಿಗೆ ಮೈ ತಿಕ್ಕಿಕೊಂಡು ತಿರುಗುತ್ತಿದ್ದ ಬೆಕ್ಕಿಗೆ ಸಕ್ಕರೆ ಕಾಯಿಲೆ ಆಗಿದ್ದು ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ಅವಳ ನೀರಿನ ಬಟ್ಟಲು ತೆಗೆದಿಟ್ಟಿದ್ದೆ.

ಅವಳ ಹೆಸರು ಅರಳಿ. ನಮ್ಮ ಯಜಮಾನರದು ಹತ್ತಿ ವ್ಯಾಪಾರ. ತೊಂಬತ್ತರ ಸುಮಾರಿಗೆ ಒಂದು ದಿನ ಅಂಗಡಿಯ ಹತ್ತಿ ರಾಶಿಯೊಳಗೆ ಒಂದು ಮರಿ ಅಳುವುದು ಕೇಳಿ, ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಮನೆಗೆ ತಂದಿದ್ದರು. ಬೀಜ ತೆಗೆದ ಹತ್ತಿಯಷ್ಟು ಬೆಳ್ಳಗಿತ್ತು. ನಮ್ಮ ಕಡೆ ಅಂಥ ಹತ್ತಿಗೆ ಅರಳಿ ಎನ್ನುತ್ತೇವೆ. ಆಗ ಎಂಟು ವರ್ಷದವಳಾಗಿದ್ದ ಮಗಳು ವಿಜಯಾ ಅದೇ ಹೆಸರಿಟ್ಟಳು. ಅರಳಿ ಅವಳ ಬೆಕ್ಕು. ಅವಳ ಪಾಟಿಚೀಲದ ಮೇಲೆ ಮಲಗುತ್ತಿತ್ತು, ಅವಳ ತಾಟಿನ ಪಕ್ಕ ಕುಳಿತು ಹಾಲು-ರೊಟ್ಟಿ ತಿನ್ನುತ್ತಿತ್ತು. ಮದುವೆಯಾಗಿ ರಾಮದುರ್ಗಕ್ಕೆ ಹೊರಟ ದಿನ ವಿಜಯಾ ಎಲ್ಲರ ಕಾಲಿಗೆ ಬಿದ್ದು, ಕಡೆಗೆ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಅವ್ವಾ, ಅರಳಿ ಮುದುಕಿ ಆಗ್ಯಾಳ. ನೋಡ್ಕೋ."

ನೋಡಿಕೊಂಡ ರೀತಿ ಹೇಳುತ್ತೇನೆ.

ಮರುವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ಅತ್ತೆಯವರು ಮೊಣಕಾಲು ಬಾತು ಹಾಸಿಗೆ ಹಿಡಿದಿದ್ದರು. ಅವರನ್ನು ಎಬ್ಬಿಸುವುದು, ಕೂಡಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ನನ್ನದೇ. ಅದರ ಮೇಲೆ ಲ್ಯಾಬಿನ ಕೆಲಸ. ಅದೇ ಹೊತ್ತಿಗೆ ಅರಳಿ ಮನೆಯೊಳಗೆ ಎಲ್ಲೆಂದರಲ್ಲಿ ಉಚ್ಚೆ ಹೊಯ್ಯತೊಡಗಿದಳು. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹೊಲಸು ಮಾಡಿದವಳಲ್ಲ. ಈಗ ಬಾಗಿಲ ಹಿಂದೆ, ಒಲೆಯ ಪಕ್ಕ, ಒಂದು ದಿನ ಅತ್ತೆಯವರು ತಮ್ಮ ಕೈಯಿಂದ ಹೊಲಿದ ಕೌದಿಯ ಮೇಲೆ. ಆ ದಿನ ನಾನು ಕಸಬರಿಗೆ ತೆಗೆದುಕೊಂಡು ಎರಡು ಏಟು ಹಾಕಿದೆ. ಅವಳು ಓಡಲಿಲ್ಲ. ಕಣ್ಣು ಮುಚ್ಚಿ ಕುಳಿತುಕೊಂಡಳು. ಸೊಕ್ಕು ಎಂದುಕೊಂಡೆ. ಓಡುವ ಶಕ್ತಿ ಹಿಂಗಾಲಿನಲ್ಲಿ ಉಳಿದಿರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ.

ಬಟ್ಟಲು ಬಟ್ಟಲು ನೀರು ಕುಡಿಯುತ್ತಾಳೆ, ಅದಕ್ಕೇ ಹೀಗೆ ಹೊಯ್ಯುತ್ತಾಳೆ ಎಂದು ನನ್ನ ತರ್ಕ. ಬಟ್ಟಲು ಎತ್ತಿ ಮೇಲಿಟ್ಟೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಎರಡು ಗುಟುಕು.

"ಸುಮಿತ್ರಾ, ಅದಕ್ಕ ನೀರಡಿಕಿ ಆಗೈತಿ. ಬಟ್ಟಲಾ ಇಡ ಯವ್ವಾ," ಎಂದು ಅತ್ತೆ ಹಾಸಿಗೆಯಿಂದಲೇ ಎರಡು ಸಲ ಹೇಳಿದರು.

"ಉಚ್ಚಿ ಬಳ್ಯಾವರು ನೀವಲ್ರಿ, ನಾ," ಎಂದೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

ಒಂದು ಮಧ್ಯಾಹ್ನ ಲ್ಯಾಬಿನಿಂದ ಬಂದಾಗ ಅಡುಗೆಮನೆಯಲ್ಲಿ ಅರಳಿ ಮಣ್ಣಿನ ಹರವಿಗೆ ಒರಗಿ ನಿಂತಿದ್ದಳು. ಬೇಸಿಗೆಯಲ್ಲಿ ಹರವಿಯ ಹೊರಮೈ ಬೆವರುತ್ತದಲ್ಲ, ಆ ಪಸೆಯನ್ನು ನೆಕ್ಕುತ್ತಿದ್ದಳು. ನಾಲಿಗೆ ಮಣ್ಣಿಗೆ ತಿಕ್ಕುವ ಸಣ್ಣ ಸಪ್ಪಳ ಕೇಳುತ್ತಿತ್ತು. ನಾನು ನೋಡಿ ನಕ್ಕೆ. "ಎಷ್ಟ ಶ್ಯಾಣ್ಯಾಕಿ ನೋಡ್ರಿ ಇಕಿ," ಎಂದು ಅತ್ತೆಗೆ ಕೂಗಿ ಹೇಳಿದೆ. ಆಗಲೂ ಬಟ್ಟಲು ಇಳಿಸಲಿಲ್ಲ. ಹೀಗೆ ಹತ್ತು-ಹನ್ನೆರಡು ದಿನ ನಡೆಯಿತು.

ಕಡೆಗೆ ತಿಳಿಸಿಕೊಟ್ಟದ್ದೂ ಅತ್ತೆಯೇ. ಒಂದು ಮುಂಜಾನೆ ನಾನು ಅವರ ಕೋಣೆಯ ಮೂಲೆಗೆ ಫಿನೈಲ್ ಹಾಕಲು ಹೋದಾಗ ಅವರು ಮಲಗಿದಲ್ಲಿಂದಲೇ ಅಂದರು, "ಹಾಕಬ್ಯಾಡ ತಡಿ. ಅಲ್ಲಿ ಇರವಿ ಹತ್ಯಾವ ನೋಡ. ನಿನ್ನಿಂದ ನೋಡಾಕತ್ತೇನಿ. ಉಚ್ಚಿಗೆ ಯಾಕ ಇರವಿ ಹತ್ತತಾವ?"

ಇರುವೆಗಳ ಸಾಲು ಗೋಡೆಯ ಬಿರುಕಿನಿಂದ ಹೊರಟು ಆ ತೇವದ ಸುತ್ತ ಮುತ್ತಿಕೊಂಡಿತ್ತು. ಫಿನೈಲ್ ಬಾಟಲಿ ಕೈಯಲ್ಲಿ ಹಿಡಿದು ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ.

ಆ ದಿನ ಡ್ರಾಪರಿನಿಂದ ನೆಲದ ಮೇಲಿನ ಮೂತ್ರ ಹೀರಿ, ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಹೋದೆ. ಸಕ್ಕರೆ ನೋಡಲು ಆಗ ನಾವು ಒಂದು ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ದೀಪದ ಮೇಲೆ ಕುದಿಸುತ್ತಿದ್ದೆವು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದಂತೆ ಹಳದಿ, ಕಿತ್ತಳೆ, ಬಹಳ ಇದ್ದರೆ ಇಟ್ಟಂಗಿಯ ಕೆಂಪು. ಅರಳಿಯದು ಹಸಿರು, ಹಳದಿಯಲ್ಲಿ ನಿಲ್ಲಲೇ ಇಲ್ಲ. ಕುದಿ ಬಂದ ಕೂಡಲೇ ಕೆಂಪಾಯಿತು. ಬಾಟಲಿ ತೊಳೆದದ್ದರಲ್ಲಿ ಏನಾದರೂ ತಪ್ಪಾಗಿರಬೇಕೆಂದು ಮತ್ತೊಮ್ಮೆ ಮಾಡಿದೆ. ಮತ್ತೆ ಕೆಂಪು. ನನ್ನದೇ ಮೂತ್ರ ಹಾಕಿ ನೋಡಿದೆ. ನೀಲಿ.

ಲ್ಯಾಬಿನ ಡಾಕ್ಟರು ಕೊಳವೆ ನೋಡಿ, "ಬಾಳ ಐತಲ್ರಿ. ಪೇಷಂಟ್ ಹೆಸರೇನು?" ಎಂದು ಕೇಳಿದರು.

"ಅರಳಿ," ಎಂದೆ.

ಸಂಜೆ ಮನೆಗೆ ಬಂದು ಮೊದಲು ಬಟ್ಟಲು ತುಂಬಿಸಿ ನೆಲಕ್ಕಿಟ್ಟೆ. ಅರಳಿ ತಲೆ ಎತ್ತದೆ ಕುಡಿದಳು. ಮತ್ತೆ ತುಂಬಿಸಿದೆ. ಯಜಮಾನರು ಅಂಗಡಿಯಿಂದ ಬಂದವರು ನನ್ನನ್ನು ನೋಡಿ ಗಾಬರಿಯಾದರು. ವಿಷಯ ಕೇಳಿ ನಕ್ಕರು. "ಬೆಕ್ಕಿಗೆ ಸಕ್ರಿ ಬ್ಯಾನಿ? ಪ್ಯಾಟ್ಯಾಗ ಯಾರ ಮುಂದೂ ಹೇಳಬ್ಯಾಡ, ನಗತಾರ." ನಾನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಮತ್ತ ಏನ್ ಮಾಡೂದು?"

ಮರುದಿನ ಊರಿನ ದನದ ದವಾಖಾನೆಗೆ ಹೋದೆವು. ಬೇವಿನ ಗಿಡದ ಕೆಳಗೆ ಎಮ್ಮೆ, ಎತ್ತು, ಎರಡು ಆಡು. ಅವುಗಳ ನಡುವೆ ಬುಟ್ಟಿಯಲ್ಲಿ ಬೆಕ್ಕು ಹಿಡಿದುಕೊಂಡು ನಿಂತವಳು ನಾನೊಬ್ಬಳೇ. ಮಂದಿ ನಗಬಹುದೆಂದು ಸೆರಗು ಹೊದಿಸಿದ್ದೆ. ನಮ್ಮ ಮುಂದಿದ್ದ ರೈತರೊಬ್ಬರು ಸೆರಗು ಸರಿಸಿ ನೋಡಿ, "ಬಾಳ ಸೊರಗೈತಲ್ರಿ ಪಾಪ. ನೀವು ಮುಂದ ಹೋಗ್ರಿ ಅಕ್ಕಾರ, ನಮ್ಮ ಎಮ್ಮಿ ನಿಂತಿರತೈತಿ," ಎಂದರು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿ ಬಂದವು. ಒಳಗಿನ ಡಾಕ್ಟರು ಚಿಕ್ಕ ವಯಸ್ಸಿನವರು, ಮರ್ಯಾದೆಯ ಮನುಷ್ಯ. ಬೆಕ್ಕಿಗೆ ಇನ್ಸುಲಿನ್ ತಾವು ಎಂದೂ ಕೊಟ್ಟಿಲ್ಲ ಎಂದು ನೇರವಾಗಿ ಹೇಳಿದರು. ಮುರಗೋಡದಲ್ಲಿ ದೇಶಪಾಂಡೆಯವರೆಂಬ ಹಿರಿಯ ಡಾಕ್ಟರು ನಿವೃತ್ತರಾಗಿ ಬಂದು ಇದ್ದಾರೆ, ದೊಡ್ಡ ಊರುಗಳಲ್ಲಿ ನಾಯಿ ಬೆಕ್ಕು ನೋಡಿದವರು, ಅವರಲ್ಲಿಗೆ ಹೋಗಿ ಎಂದರು.

ಮುರಗೋಡದ ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿ ನೋಡಿ, "ಏನೈತ್ರಿ ಒಳಗ?" ಎಂದು ಕೇಳಿದರು. ಯಜಮಾನರು, "ಪೇಷಂಟ್ ಐತ್ರಿ," ಎಂದರು. ಹಿಂದಿನ ದಿನ ನಕ್ಕಿದ್ದವರು ಅವರೇ.

ದೇಶಪಾಂಡೆ ಡಾಕ್ಟರಿಗೆ ಎಪ್ಪತ್ತು ದಾಟಿತ್ತು. ಪಡಸಾಲೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಅರಳಿಯನ್ನು ಮಲಗಿಸಿ, ಎರಡೂ ಕೈಯಿಂದ ಹೊಟ್ಟೆ ಒತ್ತಿ ಬಹಳ ಹೊತ್ತು ನೋಡಿದರು. ಅವರ ಕೈಕೆಳಗೆ ಅವಳು ಹಿತವಾಗಿ ಗುರುಗುಟ್ಟತೊಡಗಿದಳು. ಎಷ್ಟು ತಿಂಗಳಿನಿಂದ ಆ ಸದ್ದು ನಾನು ಕೇಳಿರಲಿಲ್ಲ.

"ನೀರು ಭಾಳ ಕುಡೀತದೇನು?"

"ಹೌದ್ರಿ."

"ನೀರು ಯಾವಾಗ್ಲೂ ಅದರ ಮುಂದ ಇರ್ತದಲ್ಲಾ? ಎಂದೂ ಕಡಿಮಿ ಆಗಿಲ್ಲಲ್ಲಾ?"

"ಇಲ್ರಿ, ಇರತೈತ್ರಿ," ಎಂದೆ.

ಸುಳ್ಳು ಹೇಳಿದೆ. ಯಜಮಾನರು ಒಮ್ಮೆ ನನ್ನ ಮುಖ ನೋಡಿ ಗೋಡೆಯ ಕಡೆ ತಿರುಗಿಕೊಂಡರು. ಡಾಕ್ಟರು ಅವಳ ಬೆನ್ನಿನ ತೊಗಲು ಹಿಡಿದೆತ್ತಿ ಬಿಟ್ಟರು. ಅದು ಕೂಡಲೇ ಹಿಂದಿನಂತಾಗದೆ ಮಡಿಕೆಯಾಗಿಯೇ ನಿಂತಿತು. "ಮೈಯಾಗ ನೀರಿಲ್ಲ. ಕಿಡ್ನಿ ಕೂಡ ನೋಡಬೇಕಾಗ್ತದ," ಎಂದರು. ರಕ್ತ ತೆಗೆದು ನನ್ನ ಕೈಗೇ ಕೊಟ್ಟರು, ಲ್ಯಾಬಿನಲ್ಲಿ ನೋಡಿಕೊಂಡು ಬನ್ನಿ ಎಂದು. ಆ ಪರೀಕ್ಷೆಯನ್ನೂ ನಾನೇ ಮಾಡಿದೆ. ಕಿಡ್ನಿಯ ಲೆಕ್ಕ ಎಷ್ಟಿರಬೇಕೋ ಅದಕ್ಕಿಂತ ಮೂರು ಪಟ್ಟು ಮೇಲಿತ್ತು. ಚೀಟಿಯಲ್ಲಿ ಬರೆಯುವಾಗ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಇದರಲ್ಲಿ ನನ್ನ ಪಾಲು ಎಷ್ಟು?

ಅಲ್ಲಿಂದ ನಮ್ಮ ಮನೆಯ ದಿನಚರಿಯೇ ಬೇರೆಯಾಯಿತು. ಮುಂಜಾನೆ ಎಂಟಕ್ಕೆ, ಸಂಜೆ ಎಂಟಕ್ಕೆ ಇನ್ಸುಲಿನ್, ಸಿರಿಂಜಿನ ಸಣ್ಣ ಎರಡು ಗೀಟಿನಷ್ಟು. ಹಸುಗೂಸಿನ ಕೈಯಿಂದಲೂ ರಕ್ತ ತೆಗೆಯುತ್ತಿದ್ದ ನಾನು ಅರಳಿಯ ಭುಜದ ತೊಗಲು ಹಿಡಿದು ಎರಡೆರಡು ಸಲ ಸೂಜಿ ಹಿಂದೆ ತೆಗೆಯುತ್ತಿದ್ದೆ. ಯಜಮಾನರು ಲಿಂಬೆಹಣ್ಣಿಗೆ ನೀರು ಚುಚ್ಚಿ ಚುಚ್ಚಿ ಕಲಿತರು. ಎರಡು ದಿನಕ್ಕೊಮ್ಮೆ ತೊಗಲಿನ ಕೆಳಗೆ ಸಲೈನ್ ಬಿಡಬೇಕಿತ್ತು. ವಿಜಯಾಳ ತೊಟ್ಟಿಲು ಕಟ್ಟಿದ್ದ ತೊಲೆಯ ಕೊಂಡಿಗೆ ಬಾಟಲಿ ತೂಗುಹಾಕಿ, ಅದರ ಕೆಳಗೆ ನಾನು ಅರಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಡುತ್ತಿದ್ದೆ. ನೀರು ಇಳಿದಂತೆ ಭುಜದ ಮೇಲೆ ಸಣ್ಣ ಉಬ್ಬು ಏಳುತ್ತಿತ್ತು. ಅವಳು ತಾಳಿಕೊಂಡು ಮಲಗಿರುತ್ತಿದ್ದಳು.

ತಿನಿಸಿನದು ಇನ್ನೊಂದು ಪಜೀತಿ. ಸಕ್ಕರೆಗೆ ರೊಟ್ಟಿ, ಅನ್ನ ಬೇಡ, ಮಾಂಸವೋ ತತ್ತಿಯೋ ಬೇಕು. ಕಿಡ್ನಿಗೆ ಅದೂ ಹೆಚ್ಚಾಗಬಾರದು. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು. ನಮ್ಮದು ಲಿಂಗಪೂಜೆಯ ಮನೆ, ತತ್ತಿ ಒಳಗೆ ಬಂದದ್ದಿಲ್ಲ. ನಾನು ಲ್ಯಾಬಿನಲ್ಲಿ ಗಾಜಿನ ಪಾತ್ರೆಯಲ್ಲಿ ಕುದಿಸಿ ಡಬ್ಬಿಯಲ್ಲಿ ಕದ್ದು ತರುತ್ತಿದ್ದೆ. ಒಂದು ವಾರ ನೋಡಿ ಅತ್ತೆ ಹೇಳಿದರು, "ವಾಸನಿ ನನಗ ಬರೂದಿಲ್ಲ ಅಂತ ತಿಳದಿ ಏನು? ಹಿತ್ತಲದಾಗ ಒಂದ ಒಲಿ ಹೂಡ್ಕೋ. ಔಷಧ ಅಂತ ಕುದಸು. ಔಷಧಕ್ಕ ಮಡಿ ಇಲ್ಲ."

ವಾರಕ್ಕೊಮ್ಮೆ ವಿಜಯಾ ಫೋನ್ ಮಾಡುತ್ತಿದ್ದಳು. ಪ್ರತಿ ಸಲ ಕಡೆಯ ಪ್ರಶ್ನೆ, "ಅರಳಿ ಹೆಂಗದಾಳ?" ಪ್ರತಿ ಸಲ ನನ್ನ ಉತ್ತರ, "ಛಲೋ ಅದಾಳ." ಅವಳು ಆಗ ಬಸುರಿ, ಚಿಂತೆ ಹಚ್ಚಿಕೊಳ್ಳುವುದು ಬೇಡ ಎಂದು ಯಜಮಾನರಿಗೆ ಹೇಳುತ್ತಿದ್ದೆ. ಖರೆ ಕಾರಣ ಅದಲ್ಲ. ಕಾಯಿಲೆ ಹೇಳಿದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ಅದನ್ನು ಹೇಳಿದರೆ ಬಟ್ಟಲಿನ ತನಕ ಹೋಗಬೇಕಾಗುತ್ತದೆ.

ಇಷ್ಟಾದರೂ ಎರಡನೆಯ ತಪ್ಪು ಆಯಿತು. ಕಿತ್ತೂರಿನಲ್ಲಿ ನಾದಿನಿಯ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಬಸ್ಸು ತಪ್ಪೀತೆಂದು ಅವಸರದಲ್ಲಿ ಅರಳಿಗೆ ಸೂಜಿ ಚುಚ್ಚಿ, ತಾಟು ಮುಂದಿಟ್ಟು ಹೊರಟುಬಿಟ್ಟೆ. ತಿಂದಳೋ ಇಲ್ಲವೋ ನೋಡಲಿಲ್ಲ. ತಿಂದ ಮೇಲೆ ಚುಚ್ಚಬೇಕೆಂದು ಡಾಕ್ಟರು ನನಗೆ ಎಷ್ಟು ಸಲ ಹೇಳಿದ್ದರು. ಮಧ್ಯಾಹ್ನ ತಿರುಗಿ ಬಂದಾಗ ಅತ್ತೆ ಮಂಚದ ಮೇಲೆ ಅರಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದರು. ಅವರ ಬೆರಳು, ಸೀರೆ ಎಲ್ಲ ಬೆಲ್ಲದ ನೀರು.

"ತಾಟ ಮುಟ್ಟಿದ್ದಿಲ್ಲ. ಮಂಚದ ಮ್ಯಾಲ ನನ್ನ ಬಾಜೂಕ ಬಂದು ಬಿತ್ತು. ಕುತ್ತಿಗಿ ನಿಂದರಲಿಲ್ಲ," ಎಂದರು. "ಸಕ್ರಿ ಇಳದ್ರ ಸೀ ಕೊಡಬೇಕಂತ ನೀನ ಒಮ್ಮೆ ಹೇಳಿದ್ದೆಲ್ಲಾ. ವಸಡಿಗೆ ಹಚ್ಚಿ ತಿಕ್ಕಿದೆ."

ಅವರು ಹಾಸಿಗೆಯಿಂದ ಎದ್ದು, ಗೋಡೆ ಹಿಡಿದು ಅಡುಗೆಮನೆಯ ತನಕ ನಡೆದದ್ದು ಎಷ್ಟೋ ತಿಂಗಳಲ್ಲಿ ಅದೇ ಮೊದಲು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ವಿಜಯಾ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಾಗ ಮುಚ್ಚಿಡಲು ಏನೂ ಉಳಿಯಲಿಲ್ಲ. ಅರಳಿಯನ್ನು ಎತ್ತಿಕೊಂಡವಳು, "ಇಕಿ ತೂಕನ ಇಲ್ಲಲ್ಲವ್ವಾ," ಎಂದಳು. ಎಲ್ಲ ಹೇಳಿದೆ. ಕಾಯಿಲೆ, ಸೂಜಿ, ಸಲೈನ್. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು, "ಪಾಪ, ಎಷ್ಟ ಮಾಡೀಯವ್ವಾ ನೀ," ಎಂದು ನನ್ನ ಕೈ ಹಿಡಿದಳು. ಆ ಹೊಗಳಿಕೆ ತಡೆಯಲಾಗಲಿಲ್ಲ. ಬಟ್ಟಲಿನದೂ ಹೇಳಿದೆ, ಕಸಬರಿಗೆಯದೂ ಹೇಳಿದೆ, ಹರವಿ ನೆಕ್ಕುವಾಗ ನಕ್ಕದ್ದನ್ನೂ ಹೇಳಿದೆ.

ಅವಳು ಕೈ ಬಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಬಾಣಂತನದ ಅಷ್ಟೂ ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನಾನು ಎರೆದು ಹಾಕಿದ ನೀರಲ್ಲಿ ಮಿಂದಳು, ಬೇಯಿಸಿ ಹಾಕಿದ್ದನ್ನು ಉಂಡಳು. ಅರಳಿಯ ಸಂಜೆಯ ಸೂಜಿ ಮಾತ್ರ ನನ್ನ ಕೈಯಿಂದ ಕಸಿದುಕೊಂಡಂತೆ ತಾನೇ ಕೊಡುತ್ತಿದ್ದಳು. ರಾಮದುರ್ಗಕ್ಕೆ ಮರಳಿದ ಮೇಲೆ ವಾರದ ಫೋನ್ ಅವರಪ್ಪನ ಅಂಗಡಿಗೆ ಬರತೊಡಗಿತು.

ಅರಳಿ ಆ ಬೇಸಿಗೆಯಿಂದ ಮತ್ತೊಂದು ಬೇಸಿಗೆ, ಅದರಾಚೆಯ ಮಳೆಗಾಲದ ತನಕ ಬದುಕಿದಳು. ನಡುವೆ ಒಳ್ಳೆಯ ತಿಂಗಳುಗಳಿದ್ದವು, ಅದನ್ನೂ ಹೇಳಬೇಕು. ಮೈಗೆ ಸ್ವಲ್ಪ ಮಾಂಸ ಬಂತು, ಕೂದಲಿಗೆ ಹೊಳಪು ಬಂತು. ಒಂದು ದಿನ ತಾನಾಗಿ ಕಟ್ಟೆ ಹತ್ತಿ ಬಿಸಿಲಿಗೆ ಮಲಗಿದಳೆಂದು ಯಜಮಾನರು ಅಂಗಡಿಗೆ ಬರುವವರಿಗೆಲ್ಲ ಹೇಳಿದರಂತೆ. ಪೇಟೆಯಲ್ಲಿ ಯಾರಿಗೂ ಹೇಳಬೇಡ ಎಂದವರೇ ಅವರು.

ಆ ಮಳೆಗಾಲದಲ್ಲಿ ಅವಳು ತಿನ್ನುವುದು ಬಿಟ್ಟಳು. ಬಾಯಲ್ಲಿ ಹುಣ್ಣು, ಉಸಿರಿಗೆ ಒಂದು ಕೆಟ್ಟ ವಾಸನೆ. ದೇಶಪಾಂಡೆ ಡಾಕ್ಟರಲ್ಲಿ ಒಯ್ದೆವು. "ಸುಮಿತ್ರಾಬಾಯಾರ, ಕಿಡ್ನಿ ಮುಗಿದಾವ," ಎಂದರು. "ಇನ್ನ ನಾವು ಮಾಡೂದೆಲ್ಲಾ ಅದಕ್ಕ ತ್ರಾಸ ಅಷ್ಟ. ನೀವು ಹ್ಞೂಂ ಅಂದ್ರ ಒಂದು ಇಂಜೆಕ್ಷನ್ ಕೊಟ್ಟು ಮಲಗಸ್ತೀನಿ. ನಿಮ್ಮ ಮನಿಗೇ ಬರ್ತೀನಿ, ಅದು ಹೆದರಬಾರದು."

ನಾನು ಹ್ಞೂಂ ಅನ್ನಲಿಲ್ಲ. ಇನ್ನೆರಡು ದಿನ ಸಲೈನ್ ಬಿಟ್ಟು ನೋಡುತ್ತೇನೆ ಎಂದು ತಿರುಗಿ ತಂದೆ. ಎರಡು ದಿನ ನಾಲ್ಕಾಯಿತು. ರಜೆ ಹಾಕಿ ಅವಳ ಪಕ್ಕವೇ ಕುಳಿತೆ, ಹತ್ತಿಯಿಂದ ಬಾಯಿ ಒರೆಸಿದೆ, ಸಿರಿಂಜಿನಿಂದ ಹನಿಹನಿ ನೀರು ಬಿಟ್ಟೆ. ಅವಳು ನುಂಗಲಿಲ್ಲ, ಗದ್ದದಿಂದ ಇಳಿದು ಹೋಯಿತು. ನಾಲ್ಕನೆಯ ದಿನ ಅತ್ತೆ ಕರೆದರು.

"ಸುಮಿತ್ರಾ, ಯಾರ ಸಲುವಾಗಿ ಅದನ್ನ ಹಿಡ್ಕೊಂಡ ಕುಂತೀ?"

"ಅಕಿ ಸಲುವಾಗ್ರಿ."

"ಅಲ್ಲ. ಅದು ಯಾವಾಗೋ ಹೊಂಟ ನಿಂತೈತಿ. ನಿನ್ನ ಸಲುವಾಗಿ ಹಿಡದಿ."

ಖರೆ ಮಾತು. ನಾನು ಮಾಡಿದ್ದನ್ನು ತೊಳೆದುಕೊಳ್ಳಲು ನನಗೆ ಇನ್ನೂ ದಿನಗಳು ಬೇಕಿದ್ದವು. ಅದಕ್ಕಾಗಿ ಅವಳನ್ನು ನಾಲ್ಕು ದಿನ ಹೆಚ್ಚು ನರಳಿಸಿದೆ. ಎಲ್ಲದರಲ್ಲಿ ನನಗೆ ಈಗ ಹೆಚ್ಚು ಚುಚ್ಚುವುದು ಇದೇ. ಬಟ್ಟಲು ತೆಗೆದಿಟ್ಟಾಗ ತಿಳಿದಿರಲಿಲ್ಲ ಎನ್ನಬಹುದು. ಇದು ತಿಳಿದೂ ಮಾಡಿದ್ದು.

ನಾನೇ ರಾಮದುರ್ಗಕ್ಕೆ ಫೋನ್ ಮಾಡಿದೆ. ವಿಜಯಾ ಕೂಸನ್ನು ಎತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದಳು. ಯಜಮಾನರು ಸ್ಕೂಟರಿನಲ್ಲಿ ಹೋಗಿ ಡಾಕ್ಟರನ್ನು ಕರೆತಂದರು. ಅರಳಿ ವಿಜಯಾಳ ತೊಡೆಯ ಮೇಲಿದ್ದಳು. ಸೂಜಿ ಹಾಕಿದ್ದು ಗೊತ್ತೂ ಆಗಲಿಲ್ಲ. ವಿಜಯಾ ಅವಳ ಹಣೆ ತಿಕ್ಕುತ್ತಲೇ ಇದ್ದಳು, ಡಾಕ್ಟರು "ಮುಗೀತವಾ" ಎಂದ ಮೇಲೂ. ಹಿತ್ತಲಿನಲ್ಲಿ ಯಜಮಾನರು ಕುಣಿ ತೋಡಿ ಮಣ್ಣು ಮಾಡಿದರು. ಅತ್ತೆ ಕಿಟಕಿಯಿಂದ ಕೈ ಚಾಚಿ ಒಂದು ಚಿಟಿಕೆ ವಿಭೂತಿ ಕೊಟ್ಟು, ಮಣ್ಣಿನ ಮೇಲೆ ಹಾಕಲು ಹೇಳಿದರು.

ಡಾಕ್ಟರು ಚಹಾ ಕುಡಿಯುತ್ತ ಕುಳಿತಿದ್ದರು. ಅವರೆದುರು ನಿಂತು, ಮೊದಲ ದಿನ ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. "ಅದರಿಂದನ ಆತೇನ್ರಿ ಕಿಡ್ನಿ? ಖರೆ ಹೇಳ್ರಿ."

ಅವರು ಕಪ್ಪು ಕೆಳಗಿಟ್ಟರು. "ಈ ವಯಸ್ಸಿನಾಗ ಬೆಕ್ಕಿನ ಕಿಡ್ನಿ ತಾವ ಹೋಗ್ತಾವ. ಅದು ಮೊದಲ ಶುರು ಆಗಿರಬೇಕು. ಆದ್ರ ನೀರು ನಿಲ್ಲಿಸಿದ್ದು ಕೆಟ್ಟದ್ದೇ. ಎಷ್ಟು ಕೆಡಿಸ್ತು ಅಂತ ನಾ ಹೇಳಲಾರೆ. ಏನೂ ಆಗಿಲ್ಲ ಅಂದ್ರ ಸುಳ್ಳಾಗ್ತದ." ಕಪ್ಪು ಮತ್ತೆ ಎತ್ತಿಕೊಂಡು, "ನನಗ ಅವತ್ತ ತಿಳಿದಿತ್ತು ಬಾಯಾರ. ತೊಗಲು ಸುಳ್ಳು ಹೇಳೂದಿಲ್ಲ," ಎಂದರು. ಒಂದೂವರೆ ವರ್ಷ ಅವರು ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ವಿಜಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಕೂಸನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ, "ಅವ್ವಾ, ಸಿಟ್ಟ ಇನ್ನೂ ಪೂರ್ತಿ ಹೋಗಿಲ್ಲ," ಎಂದಳು.

"ಇರಲಿ," ಎಂದೆ.

"ಫೋನ್ ಮಾಡತೇನಿ. ಮನಿಗೆ."

ಮನೆಗೆ ಬಂದಾಗ ಅತ್ತೆ ಎದ್ದು ಕುಳಿತಿದ್ದರು. ನಾನು ಅವರ ಕಾಲ ಬಳಿ ನೆಲದ ಮೇಲೆ ಕುಳಿತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ," ಎಂದರು. "ಆ ಬ್ಯಾಸಿಗ್ಯಾಗ ನೀ ಲ್ಯಾಬಿಗೆ ಹೋದ ಮ್ಯಾಲ ನಾ ದಿನಾ ಅದಕ್ಕ ನೀರ ಇಡತಿದ್ದೆ. ಹೊಟ್ಟಿ ತುಂಬ ಕುಡೀತಿತ್ತು. ನೀ ಬರೂದ್ರಾಗ ಬಟ್ಟಲಾ ಮ್ಯಾಲ ಇಟ್ಟಬಿಡತಿದ್ದೆ."

ಆ ಏಪ್ರಿಲ್‌ನಲ್ಲಿ ಅವರನ್ನು ಹಾಸಿಗೆಯಿಂದ ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಿದ್ದವಳು ನಾನೇ. ಮೇಲಿಟ್ಟ ಬಟ್ಟಲು ಇಳಿಸುವುದಿರಲಿ, ಹೊರಳಿ ಮಲಗಲೂ ನನ್ನನ್ನು ಕರೆಯುತ್ತಿದ್ದರು.

"ಹೌದೇನ್ರಿ ಅತ್ತಿ?" ಎಂದೆ.

"ಹೌದ ಮತ್ತ," ಎಂದರು, ನನ್ನ ಮುಖ ನೋಡದೆ.